ಮೊದಲ ಸಭೆಗೆ ಜೊತೆಯಾಗುವವರು ಯಾರು?

ಅಮೆರಿಕದ ಸಿಸನ್ ಮತ್ತು ಮಲ್ಲಮ್ಸ್ ಎಂಬ ಇಬ್ಬರು ಸಂಶೋಧಕರು 1981ರಲ್ಲಿ ಒಂದು ಪುಟ್ಟ ಪ್ರಯೋಗದ ವರದಿ ಪ್ರಕಟಿಸಿದರು. ಕುಡಿತದ ಚಿಕಿತ್ಸೆಗೆ ಬರುತ್ತಿದ್ದ 20 ಮಂದಿಯನ್ನು ಅವರು ಎರಡು ಪಾಲು ಮಾಡಿದ್ದರು. ಮೊದಲ ಹತ್ತು ಮಂದಿಗೆ, ಕುಡಿತ ಬಿಟ್ಟವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆ ಎಲ್ಲಿ, ಎಷ್ಟು ಹೊತ್ತಿಗೆ ನಡೆಯುತ್ತದೆ ಎಂದು ಹೇಳಿ, ಹೋಗುವುದು ಒಳ್ಳೆಯದೆಂದು ತಿಳಿಹೇಳಿ ಕಳಿಸಿದರು. ಉಳಿದ ಹತ್ತು ಮಂದಿಯ ವಿಷಯದಲ್ಲಿ ಸಮಾಲೋಚಕರು ಅವರ ಎದುರಿಗೇ ಕೂತು ಆ ಸಂಘದ ಸದಸ್ಯರೊಬ್ಬರಿಗೆ ಫೋನ್ ಮಾಡಿದರು, ಇಬ್ಬರನ್ನೂ ಮಾತಾಡಿಸಿದರು, ಮೊದಲ ಸಭೆಗೆ ಆ ಸದಸ್ಯನೇ ಇವರನ್ನು ಕರೆದುಕೊಂಡು ಹೋಗುವಂತೆ ಗೊತ್ತುಮಾಡಿದರು. ಈ ಎರಡನೆಯ ಗುಂಪಿನ ಹತ್ತಕ್ಕೆ ಹತ್ತೂ ಮಂದಿ ಸಭೆಗೆ ಹೋದರು. ವಿಳಾಸವಷ್ಟೇ ಸಿಕ್ಕ ಗುಂಪಿನಿಂದ ಒಬ್ಬರೂ ಹೋಗಲಿಲ್ಲ. 20 ಜನರ ಪ್ರಯೋಗದಿಂದ ಜಗತ್ತಿನ ಬಗ್ಗೆ ತೀರ್ಮಾನ ಕೊಡಬಾರದು, ನಿಜ. ಆದರೆ ಆಮೇಲೆ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಇನ್ನಷ್ಟು ಜನರ ಮೇಲೆ ನಡೆದ ಅಧ್ಯಯನಗಳೂ ಇದೇ ದಿಕ್ಕಿಗೆ ಬೆರಳು ತೋರಿಸಿವೆ. ಚೀಟಿ ಕೊಟ್ಟು ಕಳಿಸಿದವರಿಗಿಂತ, ಕುಡಿತ ಬಿಟ್ಟ ಒಬ್ಬ ಮನುಷ್ಯನನ್ನು ಪರಿಚಯಿಸಿ ಕಳಿಸಿದವರು ಸಭೆಗಳಿಗೆ ಹೆಚ್ಚು ಹೋಗುತ್ತಾರೆ.

ನಮ್ಮ ರಾಜ್ಯದಲ್ಲಿ ಕುಡಿತ ಬಿಡಿಸುವ ಮಾತು ಬಂದಾಗಲೆಲ್ಲ ಚರ್ಚೆ ಎರಡು ತುದಿಗಳಲ್ಲಿ ನಿಲ್ಲುತ್ತದೆ. ಒಂದು ತುದಿಯಲ್ಲಿ ಸರ್ಕಾರ ಅಂಗಡಿ ಮುಚ್ಚಲಿ ಎಂಬ ಬೇಡಿಕೆ, ಇನ್ನೊಂದು ತುದಿಯಲ್ಲಿ ಕುಡುಕ ಮನಸ್ಸು ಗಟ್ಟಿಮಾಡಲಿ ಎಂಬ ಬುದ್ಧಿವಾದ. ಎರಡರ ನಡುವೆ ಒಂದು ಸಣ್ಣ, ತೀರಾ ಸಾಮಾನ್ಯವಾದ ಅಂತರವಿದೆ. ಆಸ್ಪತ್ರೆಯಿಂದಲೋ ಶಿಬಿರದಿಂದಲೋ ಹೊರಬಿದ್ದ ಮನುಷ್ಯ, ಅವನಂತೆಯೇ ಕುಡಿದು ಬಿಟ್ಟವರು ಕೂತಿರುವ ಒಂದು ಕೋಣೆಯ ಬಾಗಿಲು ದಾಟುವವರೆಗಿನ ಅಂತರ ಅದು. ಎಷ್ಟೋ ಜನ ಕೈತಪ್ಪಿ ಹೋಗುವುದು ಅಲ್ಲೇ. ಆ ಅಂತರವನ್ನು ಅವನೊಬ್ಬನೇ ದಾಟಲಿ ಎಂದು ಬಿಟ್ಟಿರುವುದೇ ನಮ್ಮ ವ್ಯವಸ್ಥೆಯ ದೊಡ್ಡ ಲೋಪ ಎಂಬುದು ನನ್ನ ವಾದ.

ಆ ಬಾಗಿಲಿನ ಮಾತಿರಲಿ, ಚಿಕಿತ್ಸೆಯವರೆಗೂ ಬಾರದವರೇ ಹೆಚ್ಚು ಎಂಬುದಕ್ಕೆ ಅಂಕಿಗಳಿವೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 2.9 ಕೋಟಿಯಷ್ಟು ಜನ ಅದಕ್ಕೆ ಪೂರ್ತಿ ಅವಲಂಬಿತರಾದವರು, ಅಂದರೆ ಬಿಡಬೇಕೆಂದರೂ ಸುಲಭವಾಗಿ ಬಿಡಲಾಗದ ಹಂತದವರು. ಇಂಥ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದೆ. ಅದಕ್ಕೂ ಮುಂಚೆ, ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಮದ್ಯದ ಸಮಸ್ಯೆ ಇರುವವರಲ್ಲಿ ಶೇ 86ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ ಎಂದು ಹೇಳಿತ್ತು. ಹೊರಗುಳಿದವರ ಮನೆಯವರು ಸುಮ್ಮನೆ ಕೂತಿರುವುದಿಲ್ಲ. ದೇವರ ಮುಂದೆ ಆಣೆ ಮಾಡಿಸುತ್ತಾರೆ, ತಾಯತ ಕಟ್ಟಿಸುತ್ತಾರೆ, ಗೋಡೆಬರಹ ನೋಡಿ ಯಾರಿಗೂ ತಿಳಿಯದಂತೆ ಊಟದಲ್ಲಿ ಬೆರೆಸುವ ಪುಡಿ ತರಿಸುತ್ತಾರೆ. ಈ ಕೊನೆಯದು ನಿಜಕ್ಕೂ ಅಪಾಯಕಾರಿ. ಅದರಲ್ಲಿ ಡೈಸಲ್ಫಿರಮ್‌ನಂಥ, ಕುಡಿತ ಬಿಡಿಸುವ ಔಷಧ ಬೆರೆತಿದ್ದು, ಅದು ಒಳಗಿರುವಾಗ ಮದ್ಯ ಕುಡಿದರೆ ಎದೆಬಡಿತ ಏರಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರು ಅದನ್ನು ಕೊಡುವುದು ರೋಗಿಗೆ ವಿವರಿಸಿ, ಅವನ ಒಪ್ಪಿಗೆ ಪಡೆದ ಮೇಲೆ. ಪುಡಿಯೊಳಗೆ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ, ತಿನ್ನುವವನಿಗೂ ಗೊತ್ತಿರುವುದಿಲ್ಲ.

ಮನಸ್ಸು ಗಟ್ಟಿಮಾಡುವ ಮಾತಿಗೆ ಬರೋಣ. ಕುಡುಕನಿಗೆ ಬಿಡುವ ಶಕ್ತಿಯೇ ಇಲ್ಲ ಎನ್ನುವವರು ಕಾರ್ತಿಕದಲ್ಲಿ ನಮ್ಮ ಯಾವುದೇ ಊರಿನ ಅಯ್ಯಪ್ಪ ಸನ್ನಿಧಿಗೆ ಹೋಗಿ ನೋಡಬಹುದು. ವರ್ಷವಿಡೀ ಕುಡಿಯುವ ಎಷ್ಟೋ ಗಂಡಸರು ಮಾಲೆ ಹಾಕಿದ ದಿನದಿಂದ 41 ದಿನಗಳ ವ್ರತ ಮುಗಿಯುವವರೆಗೆ ಒಂದು ಹನಿಯನ್ನೂ ಮುಟ್ಟುವುದಿಲ್ಲ. ಇದನ್ನು ಭಕ್ತಿಯ ಮಹಿಮೆ ಎಂದು ಹೇಳಿ ಮುಗಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ಆ ದಿನಗಳಲ್ಲಿ ಅವನ ಸುತ್ತ ಏನೇನು ಬದಲಾಗುತ್ತದೆ ಎಂದು ಗಮನಿಸಬೇಕು. ನಸುಕಿನಲ್ಲಿ ಏಳುವ, ತಣ್ಣೀರು ಸ್ನಾನದ ದಿನಚರಿ ಬರುತ್ತದೆ. ಸಂಜೆ ಏಳಕ್ಕೆ, ಅಂದರೆ ಬಾರಿಗೆ ಹೋಗುವ ಹೊತ್ತಿಗೆ ಸರಿಯಾಗಿ, ಭಜನೆ ಇರುತ್ತದೆ. ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ. ಹಲವು ಸಲ ಮಲೆಗೆ ಹೋಗಿಬಂದ ಗುರುಸ್ವಾಮಿ ಒಬ್ಬರು ಅವನ ಮೇಲೆ ಕಣ್ಣಿಟ್ಟಿರುತ್ತಾರೆ. ನಿನ್ನೆಯವರೆಗೆ ಅವನನ್ನು ಹೀಗಳೆಯುತ್ತಿದ್ದ ಊರು ಇವತ್ತು ಸ್ವಾಮಿ ಎಂದು ಕರೆಯುತ್ತದೆ. ಬಿಡುವುದು ಅವನಿಗೆ ಸಾಧ್ಯ ಎಂದು ವ್ರತ ತೋರಿಸಿಕೊಡುತ್ತದೆ. ಮಾಲೆ ತೆಗೆದ ವಾರದಲ್ಲೇ ಅವನು ಮತ್ತೆ ಅಂಗಡಿಯ ಮುಂದೆ ನಿಂತಿದ್ದರೆ, ಅವನ ಸುತ್ತಲಿದ್ದ ಆ ಕೂಟ ಮಾಲೆಯ ಜೊತೆಗೇ ಕಳಚಿಹೋಯಿತು ಎಂಬುದು ಅದಕ್ಕೆ ದೊಡ್ಡ ಕಾರಣ. ನಿಲ್ಲಿಸುವುದು ಮತ್ತು ನಿಲ್ಲಿಸಿದಲ್ಲೇ ನಿಲ್ಲುವುದು ಎರಡು ಬೇರೆ ಕೆಲಸಗಳು, ಎರಡನೆಯದಕ್ಕೆ ಒಂದು ಗುಂಪು ಬೇಕು, ಆ ಗುಂಪಿಗೆ ಮುಕ್ತಾಯದ ದಿನಾಂಕ ಇರಬಾರದು.

ಅಂಥ ಗುಂಪು ಹುಟ್ಟಿದ ಕತೆಯೂ ಒಂದು ಫೋನ್ ಕರೆಯದೇ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಒಹಾಯೊ ರಾಜ್ಯದ ಆಕ್ರನ್ ಎಂಬ ಊರಿನ ಹೋಟೆಲೊಂದರಲ್ಲಿ ಒಬ್ಬಂಟಿಯಾಗಿದ್ದ. ಬಂದ ಕೆಲಸ ಕೆಟ್ಟಿತ್ತು, ಕುಡಿತ ಬಿಟ್ಟು ಕೆಲವು ತಿಂಗಳಷ್ಟೇ ಆಗಿತ್ತು, ಹೋಟೆಲಿನ ಬಾರ್ ಕಣ್ಣೆದುರಿಗೇ ಇತ್ತು. ಇನ್ನೊಬ್ಬ ಕುಡುಕನ ಜೊತೆ ಮಾತಾಡದಿದ್ದರೆ ತಾನು ಉಳಿಯುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಊರಿನ ಚರ್ಚುಗಳ ಪಟ್ಟಿ ನೋಡಿ ಪಾದ್ರಿಯೊಬ್ಬರಿಗೆ ಫೋನ್ ಮಾಡಿದ. ಅಲ್ಲಿಂದ ಒಂದೊಂದೇ ಕೈ ದಾಟಿ ಆ ಕೋರಿಕೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಗೆ ತಲುಪಿತು. ಆಕೆ ಮರುದಿನ ಅವನನ್ನು ತನಗೆ ಗೊತ್ತಿದ್ದ ಕುಡುಕ ವೈದ್ಯ ಬಾಬ್ ಸ್ಮಿತ್ ಎಂಬವರಿಗೆ ಭೇಟಿ ಮಾಡಿಸಿದಳು. ಡಾಕ್ಟರ್ ಬಾಬ್ ಕೊನೆಯ ಸಲ ಕುಡಿದದ್ದು ಎಂದು ಎಣಿಸುವ 1935ರ ಜೂನ್ 10 ಇವತ್ತಿಗೂ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹುಟ್ಟುದಿನ. ಆ ಇಬ್ಬರ ನಡುವೆ ನಿಂತು ಜೊತೆಗೂಡಿಸಿದ ಹೆಣ್ಣುಮಗಳು ಇರದಿದ್ದರೆ ಆ ಭೇಟಿ ನಡೆಯುತ್ತಿರಲಿಲ್ಲ. ಎ.ಎ. ಎಂದೇ ಎಲ್ಲರೂ ಕರೆಯುವ ಈ ಕೂಟ ಭಾರತಕ್ಕೆ 1957ರಲ್ಲಿ ಬಂತು. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಇನ್ನೂ ಹಲವು ಊರುಗಳಲ್ಲಿ ಇವತ್ತು ಅದರ ಸಭೆಗಳಿವೆ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಹೀಗೆ ಬೇರೆಬೇರೆ ಭಾಷೆಗಳಲ್ಲಿ ನಡೆಯುತ್ತವೆ.

ಹೋಗದವರಿಗೆ ಆ ಕೋಣೆಯ ಬಗ್ಗೆ ಇರುವ ಕಲ್ಪನೆಗಳು ವಿಚಿತ್ರ. ಉಪನ್ಯಾಸ ಕೇಳಬೇಕು, ತಪ್ಪೊಪ್ಪಿಗೆ ಮಾಡಿಸುತ್ತಾರೆ, ಹೆಸರು ವಿಳಾಸ ಬರೆಸಿಕೊಳ್ಳುತ್ತಾರೆ, ದುಡ್ಡು ಕೇಳುತ್ತಾರೆ ಎಂದೆಲ್ಲ. ನಡೆಯುವುದು ಬೇರೆ. ಶಾಲೆಯದೋ ಚರ್ಚಿನದೋ ಆಸ್ಪತ್ರೆಯದೋ ಒಂದು ಕೋಣೆ, ಕೆಲವು ಕುರ್ಚಿ, ಒಂದು ಅಥವಾ ಒಂದೂವರೆ ಗಂಟೆ. ಒಬ್ಬರಾದ ಮೇಲೆ ಒಬ್ಬರು ತಮ್ಮ ಕುಡಿತದ ಬಗ್ಗೆ, ಬಿಟ್ಟದ್ದರ ಬಗ್ಗೆ ಮಾತಾಡುತ್ತಾರೆ. ಇದನ್ನೇ ಅವರು ಶೇರ್ ಮಾಡುವುದು ಎನ್ನುತ್ತಾರೆ. ಮಾತಾಡುತ್ತಿರುವವರನ್ನು ಯಾರೂ ತಡೆಯುವುದಿಲ್ಲ, ಯಾರೂ ತಿದ್ದುವುದಿಲ್ಲ. ಹೊಸಬ ಮೊದಲ ಹೆಸರನ್ನಷ್ಟೇ ಹೇಳಿದರೆ ಸಾಕು, ಬಾಯಿ ಬಿಡದೆ ಕೂತು ಎದ್ದುಬಂದರೂ ಆಕ್ಷೇಪವಿಲ್ಲ. ಸದಸ್ಯನಾಗಲು ಇರುವ ಒಂದೇ ಅರ್ಹತೆ ಕುಡಿತ ಬಿಡಬೇಕೆಂಬ ಆಸೆ. ಶುಲ್ಕವಿಲ್ಲ, ಕೊನೆಗೆ ಒಂದು ಡಬ್ಬ ಸುತ್ತುತ್ತದೆ, ಇದ್ದವರು ಕೋಣೆಯ ಬಾಡಿಗೆಗೆ, ಚಹಾಕ್ಕೆ ಎಂದು ಹತ್ತಿಪ್ಪತ್ತು ಹಾಕುತ್ತಾರೆ. ಹೊರಗಿನವರ ದೇಣಿಗೆಯನ್ನು ಎ.ಎ. ತೆಗೆದುಕೊಳ್ಳುವುದೇ ಇಲ್ಲ. ಸಭೆಗಳಲ್ಲಿ ಎರಡು ಬಗೆ. ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ ಮೀಸಲಾದವು ಕ್ಲೋಸ್ಡ್ ಸಭೆಗಳು. ಓಪನ್ ಸಭೆಗೆ ಹೆಂಡತಿ, ಅಣ್ಣ, ಗೆಳೆಯ, ನರ್ಸಿಂಗ್ ವಿದ್ಯಾರ್ಥಿ ಯಾರು ಬೇಕಾದರೂ ಬರಬಹುದು. ಮೊದಲ ಸಲ ಜೊತೆಗೆ ಹೋಗುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು, ಇಲ್ಲವಾದರೆ ಬಾಗಿಲಲ್ಲೇ ಮುಜುಗರವಾಗುತ್ತದೆ.

ಕೂತು ಮಾತಾಡಿದರೆ ಕುಡಿತ ಹೋಗುತ್ತದೆಯೇ ಎಂಬ ಸಂಶಯ ನ್ಯಾಯವಾದದ್ದೇ. ವೈದ್ಯಕೀಯ ಜಗತ್ತಿಗೂ ಬಹುಕಾಲ ಅದೇ ಸಂಶಯವಿತ್ತು. ಸಂಶೋಧನೆಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯ 2006ರ ಪರಿಶೀಲನೆ, ಎ.ಎ. ಪರಿಣಾಮಕಾರಿ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ ಎಂದಿತ್ತು. 2020ರಲ್ಲಿ ಅದೇ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಮಾಡಿ ನೋಡಿದಾಗ ಚಿತ್ರ ಬದಲಾಗಿತ್ತು. ಎ.ಎ. ಸಭೆಗಳಿಗೆ ವ್ಯವಸ್ಥಿತವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಕೊನೆಗೆ ಪೂರ್ತಿ ಕುಡಿಯದೆ ಉಳಿದವರು ಶೇ 42, ವರ್ತನಾ ಚಿಕಿತ್ಸೆಯಂಥ ಬೇರೆ ಒಳ್ಳೆಯ ಚಿಕಿತ್ಸೆ ಪಡೆದವರಲ್ಲಿ ಶೇ 35. ವ್ಯತ್ಯಾಸ ದೊಡ್ಡದಲ್ಲ. ಆದರೆ ಹೋಲಿಕೆ ನಡೆದಿರುವುದು ಚಿಕಿತ್ಸೆಯೇ ಇಲ್ಲದವರ ಜೊತೆ ಅಲ್ಲ, ತರಬೇತಾದ ತಜ್ಞರು ಕೊಡುವ ಚಿಕಿತ್ಸೆಯ ಜೊತೆ. ನೂರರಲ್ಲಿ 42 ಎಂದರೆ 58 ಮಂದಿ ಒಂದಲ್ಲ ಒಂದು ಸಲ ಎಡವಿದರು ಎಂದೂ ಆಯಿತಲ್ಲ ಎಂದು ಕೇಳಬಹುದು. ಹೌದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಷಯದಲ್ಲಿ ಏರುಪೇರನ್ನು ಸಹಿಸಿಕೊಳ್ಳುವ ನಾವು ಕುಡಿತದ ವಿಷಯಕ್ಕೆ ಬಂದಾಗ ಮಾತ್ರ ಒಂದೇ ಏಟಿಗೆ ವಾಸಿಯಾಗಬೇಕೆಂದು ಬಯಸುತ್ತೇವೆ. ಎ.ಎ. ಕೋಣೆಯಲ್ಲಿ ಎಡವಿದ್ದಕ್ಕೆ ಸ್ಲಿಪ್ ಎಂಬ ಚಿಕ್ಕ ಹೆಸರಿದೆ, ಮರುದಿನ ಬಂದವನಿಗೆ ಕುರ್ಚಿಯೂ ಇರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪ ಇನ್ನೊಂದಿದೆ. ಸಭೆಗೆ ತಪ್ಪದೆ ಹೋಗುವವರು ಮೊದಲೇ ಬಿಡುವ ಹಟ ಇದ್ದವರು, ಅವರು ಹೇಗಿದ್ದರೂ ಬಿಡುತ್ತಿದ್ದರು, ಶ್ರೇಯಸ್ಸು ಮಾತ್ರ ಸಭೆಗೆ ಹೋಗುತ್ತಿದೆ ಎಂಬುದು ಅದು. ಸ್ಟ್ಯಾನ್‌ಫರ್ಡ್‌ನ ಕೀತ್ ಹಂಫ್ರೀಸ್ ಮತ್ತು ಸಂಗಡಿಗರು 2014ರಲ್ಲಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿದ ಪ್ರಯೋಗಗಳ ಮಾಹಿತಿಯನ್ನು ಬಳಸಿ, ಸ್ವಂತ ಹಟದಿಂದ ಹೋದವರ ಪಾಲನ್ನು ಲೆಕ್ಕದಿಂದ ಬೇರ್ಪಡಿಸಿ ನೋಡಿದರು. ಹಾಗೆ ನೋಡಿದಾಗಲೂ, ಆ ಮೊದಲೇ ಸಭೆಗಳಲ್ಲಿ ಮುಳುಗಿದ್ದವರನ್ನು ಬಿಟ್ಟು ಮಿಕ್ಕವರಲ್ಲಿ, ಸಭೆ ಹೆಚ್ಚಿದಷ್ಟೂ ಕುಡಿಯದ ದಿನಗಳು ಹೆಚ್ಚಿದ್ದವು. ಸಂಶೋಧಕರಾದ ಮೂಸ್ ದಂಪತಿ ಕುಡಿತದ ಸಮಸ್ಯೆ ಇದ್ದವರನ್ನು 16 ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ, ಮೊದಲ ವರ್ಷದಲ್ಲೇ ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ಸಭೆಗೆ ಹೋದವರು ದೂರದ ವರ್ಷಗಳಲ್ಲೂ ಮಿಕ್ಕವರಿಗಿಂತ ಚೆನ್ನಾಗಿದ್ದರು. ಬೇಗ ಸೇರಬೇಕು, ಸೇರಿದ ಮೇಲೆ ಕೆಲವು ತಿಂಗಳಾದರೂ ಬಿಡಬಾರದು ಎಂಬುದು ಇದರಿಂದ ತಿಳಿಯುವ ಮಾತು. ಒಂದೇ ಸಭೆಗೆ ಹೋಗಿ ಏನೂ ಆಗಲಿಲ್ಲ ಎನ್ನುವವರು ಇದನ್ನು ನೆನಪಿಡಬೇಕು. ಆ ಊರಿನ ಆ ಗುಂಪು ಒಗ್ಗದಿದ್ದರೆ ಇನ್ನೊಂದು ಗುಂಪಿದೆ, ಪ್ರತಿ ಗುಂಪಿಗೂ ಅದರದೇ ಆದ ಸ್ವಭಾವವಿದೆ.

ಹಾಗಾದರೆ ಅಲ್ಲಿ ಕೆಲಸ ಮಾಡುವುದು ಏನು? ಹಾರ್ವರ್ಡ್‌ನ ಜಾನ್ ಕೆಲ್ಲಿಯವರ ವಿಶ್ಲೇಷಣೆಗಳು ಹೇಳುವಂತೆ ಬಹುಮಂದಿಯ ವಿಷಯದಲ್ಲಿ ಮುಖ್ಯವಾದದ್ದು ಒಡನಾಟ ಬದಲಾಗುವುದು. ಕುಡಿಯುವ ಗೆಳೆಯರು ಕಡಿಮೆಯಾಗಿ ಕುಡಿಯದ ಗೆಳೆಯರು ಹೆಚ್ಚುತ್ತಾರೆ, ನಾಲ್ಕು ಜನರ ನಡುವೆ ಬೇಡ ಎನ್ನುವ ಧೈರ್ಯ ಬೆಳೆಯುತ್ತದೆ. ನಮ್ಮ ಪರಿಸ್ಥಿತಿಗೆ ಇದನ್ನು ಹೊಂದಿಸಿ ನೋಡಿದರೆ ಇದರ ತೂಕ ತಿಳಿಯುತ್ತದೆ. ಗಾರೆ ಕೆಲಸದವನಿಗೆ ಶನಿವಾರ ಸಂಜೆ ಬಟವಾಡೆ, ಮೇಸ್ತ್ರಿಯ ಜೊತೆಯೇ ಅಂಗಡಿಗೆ ನಡಿಗೆ. ನಾಟಿಗೆ, ಕೊಯ್ಲಿಗೆ, ಹಬ್ಬಕ್ಕೆ, ತಿಥಿಗೆ, ಚುನಾವಣೆಗೆ ಎಲ್ಲದಕ್ಕೂ ಬಾಟಲಿ ಇದೆ. ಐ.ಟಿ. ಕಂಪನಿಯ ಹುಡುಗನಿಗೆ ತಂಡದ ಪಾರ್ಟಿ ಇದೆ. ಇವರಲ್ಲಿ ಯಾರೇ ಕುಡಿತ ಬಿಟ್ಟರೂ ಮೊದಲು ಬಿಡಬೇಕಾಗುವುದು ಜನರನ್ನು. ಸಂಜೆ ಆರರಿಂದ ಒಂಬತ್ತರವರೆಗಿನ ಹೊತ್ತು ಪೂರ್ತಿ ಖಾಲಿಯಾಗಿಬಿಡುತ್ತದೆ. ಆ ಖಾಲಿಯನ್ನು ಮಾತ್ರೆ ತುಂಬುವುದಿಲ್ಲ, ಬುದ್ಧಿವಾದ ಅಂತೂ ತುಂಬುವುದೇ ಇಲ್ಲ. ಆ ಹೊತ್ತಿಗೇ ತೆರೆದಿರುವ ಒಂದು ಬಾಗಿಲು ತುಂಬಬಲ್ಲದು.

ಕನ್ನಡನಾಡಿನಲ್ಲಿ ಇದನ್ನು ತನ್ನದೇ ರೀತಿಯಲ್ಲಿ ಅರಿತ ಒಂದು ಪ್ರಯತ್ನವಿದೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆ ಕೆಲಸ ಮಾಡುವ ಜನಜಾಗೃತಿ ವೇದಿಕೆ ಈವರೆಗೆ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಊರಿನ ಕಲ್ಯಾಣ ಮಂಟಪದಲ್ಲೋ ದೇವಸ್ಥಾನದ ಸಭಾಭವನದಲ್ಲೋ ಎಂಟು ದಿನದ ಶಿಬಿರ, ಊರಿನವರದೇ ಸಮಿತಿ, ಊರಿನವರದೇ ಊಟದ ಏರ್ಪಾಡು. ಶಿಬಿರದ ಎಂಟು ದಿನಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಅದರ ನಂತರದ ನವಜೀವನ ಸಮಿತಿ. ಶಿಬಿರ ಮುಗಿಸಿದವರು ತಮ್ಮ ತಮ್ಮ ಊರಿನಲ್ಲೇ ಮತ್ತೆ ಮತ್ತೆ ಸೇರುತ್ತಾರೆ, ಮುಂದಿನ ಶಿಬಿರ ನಡೆದಾಗ ಹಳಬರು ಬಂದು ಹೊಸಬರ ಜೊತೆ ಕೂರುತ್ತಾರೆ. ಇಲ್ಲಿ ಬಾಗಿಲು ಹುಡುಕುವ ಕಷ್ಟ ಕಡಿಮೆ, ಏಕೆಂದರೆ ಗುಂಪು ರೂಪುಗೊಂಡದ್ದೇ ಅವನ ಕಣ್ಣೆದುರಿಗೆ. ಕೊರತೆಗಳಿಲ್ಲವೆಂದಲ್ಲ. ಭಜನೆ, ಪೂಜೆಗಳ ವಾತಾವರಣದಲ್ಲಿ ಬೇರೆ ಧರ್ಮದವನಿಗೆ, ನಂಬಿಕೆ ಇಲ್ಲದವನಿಗೆ ಇರಿಸುಮುರಿಸಾಗಬಹುದು. ಶಿಬಿರಗಳು ಬಹುಪಾಲು ಗಂಡಸರವು. ದಿನವೂ ಹೆಚ್ಚು ಕುಡಿಯುತ್ತಿದ್ದವನು ಮಂಟಪವೊಂದರಲ್ಲಿ ಏಕಾಏಕಿ ನಿಲ್ಲಿಸುವಾಗ ವೈದ್ಯರ ಕಣ್ಗಾವಲು ಎಷ್ಟಿದೆ ಎಂಬುದನ್ನು ಮನೆಯವರು ವಿಚಾರಿಸಿಯೇ ಸೇರಿಸಬೇಕು. ಇಷ್ಟಿದ್ದೂ, ಗುಂಪನ್ನು ಚಿಕಿತ್ಸೆಯ ಬಾಲವೆಂದು ನೋಡದೆ ಅದರ ಬೆನ್ನೆಲುಬೆಂದು ನೋಡಿದ ಆ ದೃಷ್ಟಿಯನ್ನು ಸರ್ಕಾರಿ ವ್ಯವಸ್ಥೆ ಕಲಿಯಬೇಕಿದೆ.

ವೈದ್ಯರ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ವರ್ಷಗಟ್ಟಲೆ ದಿನವೂ ಕುಡಿದ ದೇಹ ಒಮ್ಮೆಲೇ ಮದ್ಯ ನಿಂತರೆ ದಂಗೆಯೇಳುತ್ತದೆ. ಮೊದಲ ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಾಚೆ ಕೆಲವರಿಗೆ ದಿಕ್ಕು ತಪ್ಪಿ, ಇಲ್ಲದ್ದು ಕಂಡು, ಜ್ವರ ಏರಿ ಪ್ರಾಣಾಪಾಯವಾಗುವ ಡಿಲೀರಿಯಮ್ ಟ್ರೆಮೆನ್ಸ್ ಕಾಡುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿಗಳು ದಿಢೀರನೆ ಮುಚ್ಚಿದಾಗ ನಮ್ಮ ಆಸ್ಪತ್ರೆಗಳು ಇಂಥವರನ್ನು ಕಂಡವು. ಹೀಗಾಗಿ ಬೆಳಗಿನ ಗುಟುಕಿಲ್ಲದೆ ಕೈ ನಡುಗುವ ಹಂತದವರು ಮೊದಲು ಹೋಗಬೇಕಾದದ್ದು ಆಸ್ಪತ್ರೆಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೂ ತಜ್ಞರು ಬರುವ ಏರ್ಪಾಡಿದೆ. ಕಡುಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳೂ ಇವೆ. ಸಭೆಗೆ ಹೋಗುವವರು ಮಾತ್ರೆ ಬಿಡಬೇಕು ಎಂದು ಯಾರಾದರೂ ಹೇಳಿದರೆ ಅದನ್ನು ಕೇಳಬಾರದು, ಎ.ಎ.ಯೂ ಹಾಗೆ ಹೇಳುವುದಿಲ್ಲ. ಔಷಧ ಮತ್ತು ಸಭೆ ಜೊತೆಜೊತೆಗೆ ನಡೆಯಬಲ್ಲವು.

ಸಭೆ ಎಲ್ಲಿದೆ ಎಂದು ಹುಡುಕುವುದಕ್ಕೂ ದಾರಿಗಳಿವೆ. ವ್ಯಸನಮುಕ್ತಿಗಾಗಿ ಇರುವ ರಾಷ್ಟ್ರೀಯ ಉಚಿತ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಇದು 2022ರ ಅಕ್ಟೋಬರ್‌ನಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ, ಊರಿನ ಚರ್ಚಿನಲ್ಲಿ, ಧರ್ಮಸ್ಥಳ ಯೋಜನೆಯ ಸ್ಥಳೀಯ ಕಚೇರಿಯಲ್ಲಿ ಕೇಳಿದರೆ ಒಂದಲ್ಲ ಒಂದು ಕೊಂಡಿ ಸಿಗುತ್ತದೆ. ಆದರೆ ಸಿಕ್ಕಿದ ಮಾಹಿತಿಯನ್ನು ಹೊರಡುವ ಮುಂಚೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು. ಗುಂಪುಗಳು ಕೋಣೆ ಬದಲಿಸುತ್ತವೆ, ವಾರ ಬದಲಿಸುತ್ತವೆ. ಧೈರ್ಯ ಮಾಡಿ ಹೋದವನಿಗೆ ಬೀಗ ಹಾಕಿದ ಬಾಗಿಲು ಕಂಡರೆ ಅವನು ಮತ್ತೆ ಹೊರಡುವುದು ಅನುಮಾನ. ಹಳ್ಳಿಯಿಂದ ಬರುವವನಿಗೆ ಇನ್ನೊಂದು ಕಷ್ಟ. ಪಟ್ಟಣದ ಸಭೆ ಏಳು ಗಂಟೆಗೆ, ಊರಿಗೆ ಹೋಗುವ ಕೊನೆಯ ಬಸ್ಸು ಅದಕ್ಕೂ ಮುಂಚೆ. ಭಾನುವಾರ ಹಗಲಿನ ಸಭೆ ಇದೆಯೇ ಎಂದು ವಿಚಾರಿಸುವುದು, ರಾತ್ರಿ ಬಿಟ್ಟುಬರಲು ಬೈಕ್ ಇರುವ ಸದಸ್ಯ ಸಿಗುತ್ತಾನೆಯೇ ಎಂದು ಕೇಳುವುದು ಸಣ್ಣ ಸಂಗತಿಗಳಂತೆ ಕಂಡರೂ ಅವೇ ನಿರ್ಣಾಯಕ. ಕೋವಿಡ್ ಕಾಲದಲ್ಲಿ ಬಲಗೊಂಡ ಆನ್‌ಲೈನ್ ಸಭೆಗಳು ದೂರದ ಊರಿನವರಿಗೆ, ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯವರಿಗೆ ಒಂದು ಆಸರೆ. ಸಾಧ್ಯವಿರುವವರು ಅದನ್ನೇ ಕೊನೆ ಮಾಡಿಕೊಳ್ಳದೆ ಕೋಣೆಗೂ ಹೋಗಬೇಕು.

ದೇವರ ವಿಷಯದಲ್ಲಿ ಹಲವರು ಹಿಂಜರಿಯುತ್ತಾರೆ. ಎ.ಎ.ಯ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಪ್ರಸ್ತಾಪವಿದೆ, ಸಭೆಗಳಲ್ಲಿ ಪ್ರಾರ್ಥನೆಯೂ ಉಂಟು. ಚರ್ಚಿನ ಆವರಣದ ಕೋಣೆ ನೋಡಿ ಮತಾಂತರದ ಗುಮಾನಿ ಪಡುವವರೂ ಇದ್ದಾರೆ. ಕೋಣೆ ಬಾಡಿಗೆಗೆ ಸಿಕ್ಕಿದ್ದಷ್ಟೇ, ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. ದೇವರು ಎಂದರೆ ಅವರವರು ತಿಳಿದುಕೊಂಡದ್ದು ಎಂಬ ಸಡಿಲಿಕೆ ಆ ಹೆಜ್ಜೆಗಳಲ್ಲಿ ಸೇರಿದ್ದು ಮೊದಮೊದಲ ಸದಸ್ಯರಲ್ಲೇ ಇದ್ದ ನಾಸ್ತಿಕರ ಪಟ್ಟಿನಿಂದ. ತಮ್ಮ ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಎಂದು ಇಟ್ಟುಕೊಂಡು ವರ್ಷಗಳನ್ನು ಕಳೆದವರಿದ್ದಾರೆ. ಇದೂ ಒಗ್ಗದವರಿಗೆ 1994ರಿಂದ ಇರುವ ಸ್ಮಾರ್ಟ್ ರಿಕವರಿಯಂಥ, ದೇವರ ಮಾತಿಲ್ಲದ ಕೂಟಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಇಂಥ ಕೂಟಗಳನ್ನು ಎ.ಎ. ಜೊತೆ ಹೋಲಿಸಿದ 2018ರ ಅಮೆರಿಕದ ಅಧ್ಯಯನವೊಂದು, ಪೂರ್ತಿ ಬಿಡುವ ಗುರಿ ಇಟ್ಟುಕೊಂಡು ಒಂದೇ ಮಟ್ಟದಲ್ಲಿ ತೊಡಗಿಕೊಂಡರೆ ಫಲವೂ ಹೆಚ್ಚುಕಮ್ಮಿ ಒಂದೇ ಎಂದು ಕಂಡುಕೊಂಡಿತು.

ಊರಿನವರ ಕಣ್ಣಿಗೆ ಬೀಳುವ ಭಯ ಇದಕ್ಕಿಂತ ಆಳವಾದದ್ದು. ಸಣ್ಣ ಪಟ್ಟಣದಲ್ಲಿ ಅನಾಮಿಕತೆ ಎಂಬುದು ಮಾತಿಗೆ ಮಾತ್ರ, ಕೋಣೆಯೊಳಗೆ ಪರಿಚಿತ ಮುಖ ಇದ್ದೇ ಇರುತ್ತದೆ. ಬಹುತೇಕರ ಕುಡಿತ ಊರಿಗೆ ಮೊದಲೇ ಗೊತ್ತಿದೆ, ಗೊತ್ತಿಲ್ಲದ್ದು ಅವರು ಬಿಡುತ್ತಿದ್ದಾರೆ ಎಂಬುದಷ್ಟೇ ಎಂದು ಉತ್ತರ ಕೊಡಬಹುದು. ಗಂಡಸರ ಮಟ್ಟಿಗೆ ಆ ಉತ್ತರ ಸಾಕಾಗಬಹುದು. ಒಬ್ಬ ಶಿಕ್ಷಕಿಗೆ, ಬಾಣಂತನದ ನಂತರ ಕುಡಿತಕ್ಕೆ ಬಿದ್ದ ಗೃಹಿಣಿಗೆ, ಹುಡುಗಿಯೊಬ್ಬಳಿಗೆ ಅದು ಖಂಡಿತ ಸಾಲದು. 2019ರ ಸಮೀಕ್ಷೆಯಲ್ಲಿ ಮದ್ಯ ಸೇವಿಸುವ ಹೆಂಗಸರ ಪಾಲು ಶೇ 1.6 ಮಾತ್ರ. ಪ್ರಮಾಣ ಕಡಿಮೆ ಇರುವುದರಿಂದಲೇ ಅವರ ಒಂಟಿತನ ಹೆಚ್ಚು. ಇಪ್ಪತ್ತು ಗಂಡಸರ ನಡುವೆ ಒಬ್ಬಳೇ ಕೂರು ಎನ್ನುವುದು ಕ್ರೂರ. ಅವರಿಗೆ ಮಹಿಳೆಯರದೇ ಆನ್‌ಲೈನ್ ಸಭೆಗಳು, ಬೇರೆ ಊರಿನ ಸಭೆ, ಮೊದಲು ಮಹಿಳಾ ಸದಸ್ಯೆಯೊಬ್ಬಳ ಜೊತೆ ಫೋನಿನಲ್ಲಿ ಮಾತು, ಹೀಗೆ ಬೇರೆಯದೇ ದಾರಿ ಮಾಡಬೇಕು. ಮನೆಯವರಿಗಾಗಿ 1951ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಲ್-ಅನಾನ್ ಕೂಟಗಳು ನಮ್ಮಲ್ಲೂ ಕೆಲವೆಡೆ ಇವೆ. ಗಂಡ ಬರಲಿ ಬಿಡಲಿ, ಹೆಂಡತಿ ಅಲ್ಲಿಗೆ ಹೋಗಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿರುವ ಈ ರಾಜ್ಯದಲ್ಲಿ ಪ್ರಯಾಣದ ಖರ್ಚೂ ಅಡ್ಡಿಯಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದ ಸಾವಿರಾರು ಹೆಂಗಸರ ಮನೆಗಳಲ್ಲಿ ಇದ್ದ ಸಂಕಟಕ್ಕೆ ಕಾನೂನು ಬರುವವರೆಗೆ ಕಾಯದ ಒಂದು ಆಸರೆ ಬೇಕು.

ಮೊದಲ ಸಭೆಗೆ ಜೊತೆ ಹೋಗಲು ಯಾರಿಗೆ ಪುರುಸೊತ್ತಿದೆ ಎಂಬ ಪ್ರಶ್ನೆಗೆ ಉತ್ತರ ಆ ಕೋಣೆಯಲ್ಲೇ ಇದೆ. 1726 ರೋಗಿಗಳ ಮೇಲೆ ನಡೆದ ಪ್ರಾಜೆಕ್ಟ್ ಮ್ಯಾಚ್ ಎಂಬ ಪ್ರಸಿದ್ಧ ಪ್ರಯೋಗದ ಮಾಹಿತಿಯನ್ನು 2004ರಲ್ಲಿ ಮತ್ತೆ ಪರಿಶೀಲಿಸಿದಾಗ, ಬೇರೆ ಕುಡುಕರಿಗೆ ನೆರವಾದವರಲ್ಲಿ ಶೇ 40 ಮಂದಿ ಮುಂದಿನ ವರ್ಷವಿಡೀ ಕುಡಿಯಲಿಲ್ಲ, ನೆರವಾಗದವರಲ್ಲಿ ಶೇ 22 ಮಾತ್ರ ಎಂದು ತಿಳಿದುಬಂತು. ಹೊಸಬನನ್ನು ಕರೆದೊಯ್ಯುವ ಹಳಬ ಸಮಾಜಸೇವೆ ಮಾಡುತ್ತಿಲ್ಲ, ತನ್ನ ಚಿಕಿತ್ಸೆಯನ್ನೇ ಮುಂದುವರಿಸುತ್ತಿದ್ದಾನೆ. ಕರೆ ಬಂದರೆ ಬರುವವರು ಇದ್ದಾರೆ. ಕರೆ ಮಾಡುವ ಹೊಣೆ ಮಾತ್ರ ಯಾರ ಕೆಲಸದ ಪಟ್ಟಿಯಲ್ಲೂ ಇಲ್ಲ.

2025-26ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿತ್ತು. ಆ ಹಣದಲ್ಲಿ ಸಭೆಗಳನ್ನು ಸರ್ಕಾರವೇ ನಡೆಸಲಿ ಎಂದು ನಾನು ಕೇಳುವುದಿಲ್ಲ. ನಡೆಸಿದರೆ ಹಾಜರಿ ಪುಸ್ತಕ, ಫೋಟೊ, ಬ್ಯಾನರ್ ಬಂದು ಆ ಕೋಣೆ ತನ್ನ ಗುಣ ಕಳೆದುಕೊಳ್ಳುತ್ತದೆ. ಎ.ಎ. ಅಂತೂ ಸರ್ಕಾರದ ಕಾಸನ್ನು ಮುಟ್ಟುವುದಿಲ್ಲ. ಆದರೆ ಸಂಜೆ ಬೀಗ ಬೀಳುವ ಸರ್ಕಾರಿ ಶಾಲೆಯ ಕೋಣೆ, ಪಂಚಾಯಿತಿ ಗ್ರಂಥಾಲಯದ ಹಜಾರಗಳನ್ನು ಅಲ್ಪ ಬಾಡಿಗೆಗೆ ಇಂಥ ಕೂಟಗಳಿಗೆ ಬಿಟ್ಟುಕೊಡಬಹುದು. ಪ್ರತಿ ಜಿಲ್ಲಾಸ್ಪತ್ರೆಯೂ ತನ್ನ ಸುತ್ತಲಿನ ಸಭೆಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ ಗೋಡೆಗೆ ಅಂಟಿಸಬಹುದು. ಹೊಸಬರನ್ನು ಕರೆದೊಯ್ಯಲು ಒಪ್ಪಿದ ಸದಸ್ಯರ ಫೋನ್ ನಂಬರುಗಳನ್ನು ವಾರ್ಡಿನ ನರ್ಸ್ ಅಥವಾ ಸಮಾಜ ಕಾರ್ಯಕರ್ತೆ ಗುಟ್ಟಾಗಿ ಇಟ್ಟುಕೊಂಡು, ರೋಗಿಯ ಒಪ್ಪಿಗೆ ಪಡೆದು, ಅವನು ಇನ್ನೂ ಹಾಸಿಗೆಯ ಮೇಲಿರುವಾಗಲೇ ಕರೆ ಮಾಡಿ ಮಾತಾಡಿಸಬಹುದು. ಡಿಸ್ಚಾರ್ಜ್ ಪತ್ರದಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಇನ್ನೊಂದು ಸಾಲು ಸೇರಬೇಕು: ಮೊದಲ ಸಭೆ ಯಾವ ದಿನ, ಕರೆದೊಯ್ಯುವವರ ಜೊತೆ ಮಾತಾಗಿದೆಯೇ. ಸಭೆಗೆ ಹೋಗಲು ಒಪ್ಪಿದ ರೋಗಿಯ ಪತ್ರದಲ್ಲಿ ಆ ಸಾಲು ಖಾಲಿ ಇದ್ದರೆ, ಚಿಕಿತ್ಸೆ ಅಪೂರ್ಣ ಎಂದೇ ಆಸ್ಪತ್ರೆ ತನ್ನ ಕಡತದಲ್ಲಿ ಬರೆದುಕೊಳ್ಳಬೇಕು.